ಆರೈಕೆಯ ಕೈಗಳಿಗೆ ಬೆರಳಚ್ಚಿನ ಪರೀಕ್ಷೆ

ಅಮೆರಿಕಾದ ಕ್ಯಾಲಿಫೋರ್ನಿಯ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ. ಆ ನಗರದ ಎಫ್ ಬೀದಿಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಮಾದರಿಯ ಒಂದು ಹಳೆಯ ಮನೆಯುಂಟು. 1980ರ ದಶಕದಲ್ಲಿ ಡೊರೊತಿಯಾ ಪುವೆಂಟೆ ಎಂಬ ಹೆಂಗಸು ಅಲ್ಲಿ ವಸತಿಗೃಹವೊಂದನ್ನು ನಡೆಸುತ್ತಿದ್ದಳು. ನರೆತ ತಲೆ, ದೊಡ್ಡ ಕನ್ನಡಕ, ಮೃದುವಾದ ಮಾತು. ಕಂಡವರಿಗೆ ಯಾರ ಮನೆಯ ಅಜ್ಜಿಯೋ ಎನ್ನಿಸಬೇಕು. ಅಂಗಳದಲ್ಲಿ ಆಕೆಯೇ ಬೆಳೆಸಿದ ಹೂಗಿಡಗಳು. ಬೇರೆ ಯಾರೂ ಒಳಕ್ಕೆ ಸೇರಿಸದ ಮುದುಕರು, ಕುಡಿತಕ್ಕೆ ಬಿದ್ದವರು, ಬುದ್ಧಿ ಸ್ಥಿಮಿತವಿಲ್ಲದವರು, ಇಂಥವರಿಗೂ ಆಕೆ ಹಾಸಿಗೆ ಕೊಟ್ಟು ಊಟ ಹಾಕುತ್ತಿದ್ದಳು. ದಿಕ್ಕಿಲ್ಲದವರಿಗೆ ನೆಲೆ ಹುಡುಕಿಕೊಡುವ ಸಮಾಜಸೇವಾ ಕಾರ್ಯಕರ್ತರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು? ಅವರು ಒಬ್ಬರಾದ ಮೇಲೊಬ್ಬರನ್ನು ಅಲ್ಲಿಗೆ ಕಳುಹಿಸಿಕೊಟ್ಟರು.

1988ರಲ್ಲಿ ಹಾಗೆ ಕಳುಹಿಸಲ್ಪಟ್ಟಿದ್ದ ಒಬ್ಬ ಮನುಷ್ಯ ಕಣ್ಮರೆಯಾದನು. ಅವನು ಮಾನಸಿಕವಾಗಿ ದುರ್ಬಲನಾಗಿದ್ದವನು. ತಾನಾಗಿ ಎಲ್ಲಿಗೂ ಹೋಗಲಾರದವನು. ದೂರದೂರಿಗೆ ಹೋಗಿದ್ದಾನೆಂದು ಮನೆಯೊಡತಿ ಹೇಳಿದ ಸಮಾಧಾನ ಅವನನ್ನು ಅಲ್ಲಿಗೆ ಸೇರಿಸಿದ ಕಾರ್ಯಕರ್ತೆಗೆ ರುಚಿಸಲಿಲ್ಲ. ಆಕೆ ಪೊಲೀಸರಿಗೆ ದೂರು ಕೊಟ್ಟಳು. ನವೆಂಬರ್ ತಿಂಗಳಿನಲ್ಲಿ ಪೊಲೀಸರು ಬಂದು ಹೂದೋಟದ ನೆಲವನ್ನು ಅಗೆದರು. ಒಂದಲ್ಲ, ಎರಡಲ್ಲ, ಏಳು ಶವಗಳು ಅಲ್ಲಿ ಹೂತಿದ್ದವು. ಸತ್ತವರ ಹೆಸರಿಗೆ ಸರಕಾರದಿಂದ ಬರುವ ಮಾಸಾಶನದ ಚೆಕ್ಕುಗಳು ಮಾತ್ರ ತಪ್ಪದೆ ಬರುತ್ತಿದ್ದವು. ಅವುಗಳ ಹಣವೂ ತಪ್ಪದೆ ಮನೆಯೊಡತಿಯ ಕೈ ಸೇರುತ್ತಿದ್ದಿತು.

ನೆಲ ಅಗೆಯುತ್ತಿದ್ದಾಗಲೇ ಆಕೆ ಪೊಲೀಸರ ಕಣ್ಣುತಪ್ಪಿಸಿ ಲಾಸ್ ಏಂಜಲೀಸ್ ನಗರಕ್ಕೆ ಓಡಿಹೋದಳು. ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದಳು. 1993ರಲ್ಲಿ ಮೂರು ಕೊಲೆಗಳು ನ್ಯಾಯಾಲಯದಲ್ಲಿ ಸಿದ್ಧವಾಗಿ, ಆಕೆಗೆ ಜೀವಾವಧಿ ಸೆರೆವಾಸವಾಯಿತು. 2011ರಲ್ಲಿ ಸೆರೆಮನೆಯಲ್ಲೇ ಆಕೆ ತೀರಿಕೊಂಡಳು.

ಗುಟ್ಟಾಗಿರದ ಗುಟ್ಟು

ಈ ಕಥೆಯಲ್ಲಿ ಎದೆ ನಡುಗಿಸುವ ಸಂಗತಿ ಏಳು ಶವಗಳಲ್ಲ. ಅದಕ್ಕಿಂತಲೂ ಘೋರವಾದುದು ಇನ್ನೊಂದುಂಟು. ಆಕೆಯ ಹಿಂದಿನ ಬಾಳು ಯಾವ ಗುಟ್ಟೂ ಆಗಿರಲಿಲ್ಲ. ವೃದ್ಧರಿಗೆ ಮತ್ತು ಬರಿಸುವ ಔಷಧ ಕುಡಿಸಿ ಅವರ ಹಣ ಒಡವೆಗಳನ್ನು ದೋಚಿದ್ದಕ್ಕಾಗಿ 1982ರಲ್ಲಿಯೇ ಆಕೆಗೆ ಶಿಕ್ಷೆಯಾಗಿದ್ದಿತು. 1985ರಲ್ಲಿ ಷರತ್ತಿನ ಮೇಲೆ ಬಿಡುಗಡೆಯಾದಾಗ, ವೃದ್ಧರಿಂದ ದೂರವಿರಬೇಕೆಂಬುದೂ ಆ ಷರತ್ತುಗಳಲ್ಲಿ ಒಂದಾಗಿದ್ದಿತು. ಆಕೆಯ ನಡತೆಯ ಮೇಲೆ ಕಣ್ಣಿಡಬೇಕಾದ ಅಧಿಕಾರಿಗಳು ಆ ಮನೆಗೆ ಹಲವು ಬಾರಿ ಬಂದು ಹೋಗಿದ್ದರು.

ಹಾಗಾದರೆ ತಪ್ಪಿದುದೆಲ್ಲಿ? ಅಪರಾಧದ ಕಾಗದ ಒಂದು ಕಚೇರಿಯ ಕಪಾಟಿನಲ್ಲಿದ್ದಿತು; ಮುದುಕರನ್ನು ಕಳುಹಿಸಿಕೊಟ್ಟುದು ಇನ್ನೊಂದು ಕಚೇರಿ. ಈ ಕಚೇರಿ ಆ ಕಚೇರಿಯನ್ನು ಕೇಳಲಿಲ್ಲ. ಆ ಕಚೇರಿ ಈ ಕಚೇರಿಗೆ ಹೇಳಲಿಲ್ಲ. ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಸೇರಿದ್ದರೆ ಹಲವು ಜೀವಗಳು ಉಳಿಯುತ್ತಿದ್ದವು.

ಆಗ ಕಾನೂನು ಇರಲಿಲ್ಲವೆಂದಲ್ಲ. ಕ್ಯಾಲಿಫೋರ್ನಿಯದಲ್ಲಿ ಆರೈಕೆಯ ಮನೆಗಳಿಗೆ ಪರವಾನಗಿ ಬೇಕೆನ್ನುವ ಕಾನೂನು 1973ರಲ್ಲೇ ಬಂದಿದ್ದಿತು. ವೃದ್ಧರ ವಸತಿಗಳಿಗಾಗಿಯೇ ಪ್ರತ್ಯೇಕ ಕಾನೂನು 1985ರಲ್ಲಿ ಬಂದಿತು. ಆದರೆ ಸ್ನಾನ ಮಾಡಿಸುವುದು, ಉಡುಪು ತೊಡಿಸುವುದು, ಔಷಧ ಕೊಡುವುದು, ಹೀಗೆ ಆರೈಕೆ ಮಾಡುವ ಮನೆಗೆ ಮಾತ್ರ ಪರವಾನಗಿ ಬೇಕು. ಬರಿಯ ಊಟ, ವಸತಿ ಒದಗಿಸುವ ಮನೆಗೆ ಅದು ಬೇಕಿಲ್ಲ. ಎಫ್ ಬೀದಿಯ ಮನೆಗೆ ಪರವಾನಗಿ ಇರಲಿಲ್ಲ. ಕಾನೂನು ಕಾವಲಿಟ್ಟ ಬಾಗಿಲಿನಿಂದ ಆಕೆ ಒಳಕ್ಕೆ ಬರಲೇ ಇಲ್ಲ. ಕಾವಲಿಲ್ಲದ ಹಿತ್ತಿಲ ಬಾಗಿಲಿನಿಂದ ಬಂದಳು.

ಗಾಜಿನ ಮೇಲೆ ಹತ್ತು ಬೆರಳು

ಪರವಾನಗಿ ಪಡೆದ ಮನೆಯಲ್ಲಿ ಈ ಕಾವಲು ಹೇಗೆ ನಡೆಯುತ್ತದೆಂಬುದು ತಿಳಿಯತಕ್ಕ ವಿಷಯ. ಶಿಶುವಿಹಾರವಾಗಲಿ, ಅಂಗವಿಕಲರ ವಸತಿಯಾಗಲಿ, ವೃದ್ಧರ ಮನೆಯಾಗಲಿ, ಕೆಲಸಕ್ಕೆ ಸೇರಬಯಸುವವರು ಮೊದಲು ಹತ್ತು ಬೆರಳುಗಳ ಗುರುತು ಕೊಡಬೇಕು. ಹಿಂದಿನಂತೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಪದ್ಧತಿ ಈಗಿಲ್ಲ. ಗಾಜಿನ ಫಲಕದ ಮೇಲೆ ಬೆರಳಿಟ್ಟರೆ ಯಂತ್ರವೇ ಗೆರೆಗಳನ್ನು ಓದಿಕೊಳ್ಳುತ್ತದೆ. ಆ ಗುರುತು ರಾಜ್ಯದ ನ್ಯಾಯ ಇಲಾಖೆಗೂ ಇಡೀ ದೇಶದ ದಾಖಲೆಗಳನ್ನಿಟ್ಟುಕೊಂಡಿರುವ ಎಫ್.ಬಿ.ಐ. ಸಂಸ್ಥೆಗೂ ಹೋಗುತ್ತದೆ. ಒಂದು ರಾಜ್ಯದಲ್ಲಿ ತಪ್ಪು ಮಾಡಿ, ಹೆಸರು ಬದಲಾಯಿಸಿಕೊಂಡು, ಇನ್ನೊಂದು ರಾಜ್ಯದಲ್ಲಿ ಸಂಭಾವಿತರಂತೆ ತಲೆಯೆತ್ತುವವರಿಗೆ ಇದು ತಡೆ. ಮಕ್ಕಳ ಸಂಸ್ಥೆಗಳಲ್ಲಾದರೆ, ಮಕ್ಕಳ ಮೇಲೆ ದೌರ್ಜನ್ಯವೆಸಗಿದವರ ಪ್ರತ್ಯೇಕ ಪಟ್ಟಿಯನ್ನೂ ನೋಡಲಾಗುತ್ತದೆ.

ದಾದಿ, ಅಡಿಗೆಯವರು ಮುಂತಾದ ನೌಕರರಿಗಷ್ಟೇ ಈ ಪರೀಕ್ಷೆಯೆಂದು ತಿಳಿಯಬಾರದು. ಪರವಾನಗಿ ಬೇಡುವ ಯಜಮಾನನೂ ಇದಕ್ಕೆ ಒಳಪಡಬೇಕು. ಆರೈಕೆ ಪಡೆಯುವವರನ್ನು ಬಿಟ್ಟು ಆ ಮನೆಯಲ್ಲಿ ವಾಸಿಸುವ ವಯಸ್ಕರೆಲ್ಲರೂ, ಯಜಮಾನನ ಮಗನಾಗಲಿ ಮೈದುನನಾಗಲಿ, ಬೆರಳು ಒತ್ತಲೇಬೇಕು. ಒಪ್ಪಿಗೆ ಬರುವ ಮುನ್ನ ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡುದು ಗೊತ್ತಾದರೆ, ದಿನಕ್ಕೆ 100 ಡಾಲರಿನಂತೆ ದಂಡ ಬೀಳುತ್ತದೆ. ಒಮ್ಮೆ ಒಪ್ಪಿಗೆ ಸಿಕ್ಕಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಮುಂದೆ ಎಂದಾದರೂ ಆ ವ್ಯಕ್ತಿ ರಾಜ್ಯದಲ್ಲಿ ದಸ್ತಗಿರಿಯಾದರೆ ಆ ಸುದ್ದಿ ಪರವಾನಗಿ ಇಲಾಖೆಗೆ ತಾನಾಗಿ ಮುಟ್ಟುತ್ತದೆ.

ಸ್ವಂತ ಮನೆಯಲ್ಲೇ ಇರುವ ವೃದ್ಧರನ್ನು ನೋಡಿಕೊಳ್ಳಲು ಸಂಸ್ಥೆಗಳು ಕಳುಹಿಸುವ ಪರಿಚಾರಕರು ಬಹುಕಾಲ ಈ ಲೆಕ್ಕಕ್ಕೆ ಹೊರಗಾಗಿದ್ದರು. 2013ರಲ್ಲಿ ಒಪ್ಪಿದ ಕಾನೂನೊಂದು 2016ರ ಜನವರಿಯಿಂದ ಅವರನ್ನೂ ಒಳಕ್ಕೆ ತಂದಿತು. ಅಂಥ ಸಂಸ್ಥೆಗಳಿಗೆ ಪರವಾನಗಿ, ಪರಿಚಾರಕರಿಗೆ ನೋಂದಣಿ, ನೋಂದಣಿಗೆ ಮುನ್ನ ಬೆರಳಚ್ಚು, ಇದು ಈಗಿನ ಕ್ರಮ.

ಬಂಗಾಳದಿಂದ ಹೊರಟ ವಿದ್ಯೆ

ಈ ಬೆರಳಚ್ಚಿನ ವಿದ್ಯೆಯ ಬೇರು ಭಾರತದ ಮಣ್ಣಿನಲ್ಲಿದೆಯೆಂಬುದು ಕುತೂಹಲದ ಸಂಗತಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆಯ ಸಾಮಗ್ರಿ ಒದಗಿಸುವ ಕರಾರಿನ ಮೇಲೆ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಹಸ್ತದ ಮುದ್ರೆ ಒತ್ತಿಸಿಕೊಂಡನು. ಮುಂದೆ ಮಾತಿಗೆ ತಪ್ಪದಿರಲೆಂದು ಮಾಡಿದ ಉಪಾಯವದು. ಆದರೆ ಸಾವಿರಾರು ಮುದ್ರೆಗಳ ನಡುವೆ ಬೇಕಾದ ಒಂದನ್ನು ಹುಡುಕುವ ಬಗೆ ಆಗ ಇರಲಿಲ್ಲ. ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು ಗೆರೆಗಳನ್ನು ವಿಂಗಡಿಸಿ ಜೋಡಿಸುವ ಕ್ರಮವನ್ನು ರೂಪಿಸಲು ಶ್ರಮಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಏರ್ಪಟ್ಟಿತು. 1901ರಲ್ಲಿ ಅದೇ ಕ್ರಮ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡನ್ನು ಸೇರಿತು. ಹೆಸರು ಮಾತ್ರ ಹೆನ್ರಿಯದಾಯಿತು.

ಮುದ್ರೆ ಇದ್ದರೆ ಸಾಲದು, ಬೇಕಾದಾಗ ಅದು ಬೇಕಾದವರ ಕೈಗೆ ಸಿಕ್ಕಬೇಕು. ಆ ಇಬ್ಬರು ಬಿಡಿಸಿದ ಒಗಟು ಇದೇ. ಸ್ಯಾಕ್ರಮೆಂಟೊದಲ್ಲಿ ಬಿಡಿಸದೆ ಉಳಿದ ಒಗಟೂ ಇದೇ.

ತಪ್ಪು ಮಾಡಿ ತಿದ್ದಿಕೊಂಡವರು

ಇಲ್ಲೊಂದು ಧರ್ಮಸೂಕ್ಷ್ಮವುಂಟು. ಇಪ್ಪತ್ತರ ಹರೆಯದಲ್ಲಿ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಹೆಣ್ಣುಮಗಳೊಬ್ಬಳು, ಶಿಕ್ಷೆ ತೀರಿಸಿ, ಮಕ್ಕಳನ್ನು ಬೆಳೆಸಿ, ನಲವತ್ತೈದನೆಯ ವಯಸ್ಸಿನಲ್ಲಿ ವೃದ್ಧರ ಸೇವೆಗೆ ಬಂದಳೆನ್ನೋಣ. ಆ ಹಳೆಯ ಕಳ್ಳತನ ಸಾಯುವವರೆಗೂ ಅವಳ ಬೆನ್ನು ಹತ್ತಬೇಕೆ? ಆರೈಕೆಯ ಕೆಲಸ ಹೆಚ್ಚು ಸಂಬಳದ್ದಲ್ಲ. ಮಲಮೂತ್ರ ಬಳಿಯುವ, ರಾತ್ರಿಯೆಲ್ಲ ಎಚ್ಚರವಿರುವ ಈ ದುಡಿಮೆಗೆ ಬರುವವರಲ್ಲಿ ಬಡವರೇ ಹೆಚ್ಚು. ಒಂದು ಕಲೆ ಕಂಡೊಡನೆ ಎಲ್ಲರನ್ನೂ ಹೊರದಬ್ಬಿದರೆ, ಒಳ್ಳೆಯ ಕೈಗಳನ್ನೂ ಕಳೆದುಕೊಂಡಂತಾಯಿತು.

ಕ್ಯಾಲಿಫೋರ್ನಿಯದ ಕಾನೂನು ಇದಕ್ಕೆ ನಡುದಾರಿ ಹಿಡಿದಿದೆ. ಕೊಲೆ, ಅತ್ಯಾಚಾರಗಳಂಥ ಘೋರ ಅಪರಾಧಗಳಿಗೆ ಕ್ಷಮೆಯಿಲ್ಲ. ಅಂಥವರಿಗೆ ಬಾಗಿಲು ಮುಚ್ಚಿದ್ದೇ ಸರಿ. ಬೇರೆ ತಪ್ಪುಗಳಿಗೆ ವಿನಾಯಿತಿ ಕೇಳಬಹುದು. ಆಗ ಇಲಾಖೆ ಬಗೆಬಗೆಯಾಗಿ ವಿಚಾರಿಸುತ್ತದೆ: ಅಪರಾಧ ಎಂಥದು, ಹಿಂಸೆ ನಡೆದಿತ್ತೆ, ಎಷ್ಟು ವರ್ಷ ಕಳೆದಿದೆ, ಮತ್ತೆ ಮತ್ತೆ ನಡೆದುದೇ, ಆಮೇಲಿನ ಬಾಳು ಹೇಗಿದೆ, ಸನ್ನಡತೆಗೆ ಸಾಕ್ಷಿ ಹೇಳುವವರು ಯಾರು? ಪುವೆಂಟೆಯ ಹಳೆಯ ಅಪರಾಧವನ್ನು ಈ ತಕ್ಕಡಿಯಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಆಕೆ ಯಾರನ್ನು ದೋಚಿದ್ದಳೋ ಅವರನ್ನೇ ಮತ್ತೆ ಆಕೆಯ ಮಡಿಲಿಗೆ ಹಾಕಲಾಗಿದ್ದಿತು.

ಕಾಗದ ಹೇಳದ ಮಾತು

ಹಾಗೆಂದು ಬೆರಳಚ್ಚಿಗೆ ಸಕಲವೂ ತಿಳಿದಿದೆಯೆಂದು ನಂಬಿದರೆ ಮೋಸಹೋಗಬೇಕಾದೀತು. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ ಚಾರ್ಲ್ಸ್ ಕಲೆನ್ ಎಂಬ ಪುರುಷ ದಾದಿ ಸುಮಾರು 16 ವರ್ಷ ಕೆಲಸ ಮಾಡಿದನು. ಔಷಧವನ್ನು ಮಿತಿಮೀರಿ ಕೊಟ್ಟು ರೋಗಿಗಳನ್ನು ಕೊಲ್ಲುತ್ತಿದ್ದ ಅವನು 2003ರ ಡಿಸೆಂಬರಿನಲ್ಲಿ ಸಿಕ್ಕಿಬಿದ್ದು, 29 ಕೊಲೆಗಳನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡನು. ಹಲವು ಕಡೆ ಅವನ ಮೇಲೆ ಅನುಮಾನ ಹುಟ್ಟಿದ್ದುಂಟು. ಆದರೆ ಅನುಮಾನ ಬಂದಾಗ ಅವನನ್ನು ಕಳುಹಿಸಿಬಿಟ್ಟು ಸುಮ್ಮನಾದರೇ ಹೊರತು, ಮುಂದಿನ ಆಸ್ಪತ್ರೆಯವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ತಮ್ಮ ಮೇಲೆಯೇ ಮೊಕದ್ದಮೆ ಬಂದೀತೆಂಬ ಭಯ. ರೋಗಿಗಳ ಕೊಲೆಗಳ ಬಗ್ಗೆ ನ್ಯಾಯಾಲಯದ ಕಾಗದ ಹುಟ್ಟದಿದ್ದಾಗ ಯಾವ ಬೆರಳಚ್ಚು ಏನನ್ನು ಹೇಳೀತು?

2005ರಲ್ಲಿ ನ್ಯೂಜೆರ್ಸಿ ರಾಜ್ಯ ಇದಕ್ಕಾಗಿಯೇ ಕಾನೂನು ಮಾಡಿತು. ಆರೋಗ್ಯಸೇವೆಯ ನೌಕರನೊಬ್ಬನ ನಡತೆ ರೋಗಿಗಳಿಗೆ ಅಪಾಯಕರವೆಂದು ಕಂಡರೆ ಸಂಸ್ಥೆ ಅದನ್ನು ಸರಕಾರಕ್ಕೆ ತಿಳಿಸಬೇಕು. ಮುಂದೆ ಕೆಲಸ ಕೊಡುವವರು ಕೇಳಿದಾಗ ಉಳ್ಳದ್ದನ್ನು ಹೇಳಬೇಕು. ಪ್ರಾಮಾಣಿಕವಾಗಿ ಹೇಳಿದವರಿಗೆ ಕಾನೂನಿನ ರಕ್ಷಣೆಯುಂಟು.

ನಮ್ಮ ಬಾಗಿಲಲ್ಲಿ

ಭಾರತದಲ್ಲಿಯೂ ಮಕ್ಕಳ ವಿಷಯದಲ್ಲಿ ನಿಯಮ ಬಂದಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯಿದೆಯ 2020ರ ನಿಯಮಗಳ ಪ್ರಕಾರ, ಶಾಲೆ, ಶಿಶುವಿಹಾರ, ಕ್ರೀಡಾಶಾಲೆ, ಮಕ್ಕಳ ವಸತಿಗೃಹ ಇವುಗಳಲ್ಲಿ ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ನೌಕರನ ಬಗ್ಗೆಯೂ ಪೊಲೀಸ್ ಪರಿಶೀಲನೆ ನಡೆಯಬೇಕು. ಉಪಾಧ್ಯಾಯನೇ ಆಗಲಿ, ಕಾವಲುಗಾರನೇ ಆಗಲಿ, ಕಾಯಂ ನೌಕರನೇ ಆಗಲಿ, ಗುತ್ತಿಗೆಯವನೇ ಆಗಲಿ, ಯಾರಿಗೂ ರಿಯಾಯಿತಿಯಿಲ್ಲ. ಅದೂ ಸೇರುವಾಗ ಒಮ್ಮೆ ಮಾತ್ರವಲ್ಲ. ಕಾಲಕಾಲಕ್ಕೆ ಮತ್ತೆ ನಡೆಯಬೇಕು.

ನಿಯಮ ಪುಸ್ತಕದಲ್ಲಿದ್ದರೆ ಮಗುವಿಗೆ ಏನು ಫಲ? ಅದನ್ನು ಕೇಳುವವರು ಬೇಕು. ಮಗುವನ್ನು ಶಿಶುವಿಹಾರಕ್ಕೆ ಸೇರಿಸುವಾಗ ಶುಲ್ಕವೆಷ್ಟೆಂದು ಕೇಳುವ ತಂದೆತಾಯಿಗಳು, ಆಯಾಳ ಪರಿಶೀಲನೆಯಾಗಿದೆಯೆ, ಯಾವ ವರ್ಷ ಆಯಿತು ಎಂದೂ ಕೇಳಬಹುದು. ತಂದೆಯನ್ನು ವೃದ್ಧಾಶ್ರಮಕ್ಕೆ ಬಿಡುವ ಮಗ, ತಾಯಿಯ ಆರೈಕೆಗೆ ದಾದಿಯನ್ನು ಗೊತ್ತುಮಾಡುವ ಮಗಳು, ಕಳುಹಿಸುವ ಸಂಸ್ಥೆಯವರು ಆ ದಾದಿಯ ಗುರುತಿನ ಕಾಗದ ನೋಡಿದ್ದಾರೆಯೆ, ಪೊಲೀಸ್ ಪ್ರಮಾಣಪತ್ರ ಉಂಟೆ ಎಂದು ವಿಚಾರಿಸಬಹುದು. ಆಕೆ ಹಿಂದೆ ದುಡಿದ ಮನೆಯವರೊಡನೆ ಎರಡು ಮಾತಾಡಬಹುದು. ಮುಖ್ಯವಾಗಿ, ದಿನವೂ ಬರುವವಳು ರಜೆ ಹೋದಾಗ ಬದಲಿಗೆ ಬಂದವಳು ಯಾರೆಂದು ಕೇಳುವುದನ್ನು ಮರೆಯಬಾರದು. ಕಾವಲು ಸಡಿಲುವುದು ಇಂಥ ಹೊತ್ತಿನಲ್ಲೇ. ಇವುಗಳಲ್ಲಿ ಯಾವುದೂ ದುಡಿಯುವವರಿಗೆ ಅವಮಾನವಲ್ಲ. ಎಲ್ಲರನ್ನೂ ಒಂದೇ ರೀತಿ, ಮರ್ಯಾದೆಯಿಂದ ಕೇಳಿದರೆ ಪ್ರಾಮಾಣಿಕರಿಗೆ ಅದೇ ಒಂದು ಯೋಗ್ಯತಾಪತ್ರ.

ಇಷ್ಟಾದ ಮೇಲೂ ಉಳಿಯುವ ಕೆಲಸವೊಂದಿದೆ. ಸ್ಯಾಕ್ರಮೆಂಟೊದ ಹೂದೋಟದ ಗುಟ್ಟನ್ನು ಬಯಲಿಗೆಳೆದುದು ಯಾವ ಯಂತ್ರವೂ ಅಲ್ಲ, ಯಾವ ಇಲಾಖೆಯೂ ಅಲ್ಲ. ತಾನು ಅಲ್ಲಿಗೆ ಸೇರಿಸಿದ ಒಬ್ಬ ಬಡವ ಎಲ್ಲಿ ಹೋದನೆಂದು ಬಿಡದೆ ಕೇಳಿದ ಒಬ್ಬ ಹೆಂಗಸು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದು ಸರಕಾರಗಳಿಗೆ ಹಳೆಯ ಅಭ್ಯಾಸವಿದ್ದೀತು. ಮುದುಕರನ್ನೂ ಮಕ್ಕಳನ್ನೂ ಬೇರೆಯವರ ಕೈಗೊಪ್ಪಿಸಿದ ಮನೆಯವರಾದರೋ, ಆಗಾಗ ಹೋಗಿ ಬಾಗಿಲು ತಟ್ಟಿ, ಅವರು ಹೇಗಿದ್ದಾರೆಂದು ಕಣ್ಣಾರೆ ನೋಡಿ ಬರಬೇಕು. ಬೆರಳಚ್ಚು ನಿನ್ನೆಯ ಮಾತನ್ನು ಹೇಳುತ್ತದೆ. ಇಂದಿನ ಮಾತನ್ನು ಹಾಸಿಗೆಯ ಮೇಲೆ ಮಲಗಿರುವ ಆ ಅಜ್ಜಿಯೇ ಹೇಳಬೇಕು. ಕೇಳಲು ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕು.