ತೂಕ ಒಂದೇ, ವಿಷ ಬೇರೆ: ಪ್ರಯೋಗಶಾಲೆ ಹೆಸರು ಹೇಳುವುದು ಹೇಗೆ?



ನೀವು ಮಾರಾಟಕ್ಕೆ ಒಯ್ದ ಶೇಂಗಾ ಕಣ್ಣಿಗೆ ಚೊಕ್ಕಟವಾಗಿಯೇ ಇರುತ್ತದೆ. ಆದರೂ ಕೆಲವೊಮ್ಮೆ ಕೊಳ್ಳುವವರು ಪ್ರಯೋಗಶಾಲೆಯ ವರದಿ ತೋರಿಸಿ, ಇದರಲ್ಲಿ ಅಫ್ಲಾಟಾಕ್ಸಿನ್ ಇದೆ ಎಂದು ಮಾಲನ್ನು ತಿರಸ್ಕರಿಸುತ್ತಾರೆ. ಕಣ್ಣಿಗೆ ಕಾಣದ ವಿಷದ ಹೆಸರನ್ನು ಯಂತ್ರ ಹೇಗೆ ಹೇಳಿತು, ಅದನ್ನು ನಂಬುವುದು ಹೇಗೆ ಎಂದು ನೀವು ಕೇಳುವುದು ಸಹಜ. ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ವಿಷದ ಮೂಲ

ಪ್ರತಿಯೊಂದು ಜೀವಿಯೂ ತನ್ನ ಒಡಲಿನಲ್ಲಿ ಸಾವಿರಾರು ಬಗೆಯ ಸಣ್ಣ ರಾಸಾಯನಿಕ ವಸ್ತುಗಳನ್ನು ತಯಾರಿಸುತ್ತದೆ. ಇವುಗಳಿಗೆ ಮೆಟಬೊಲೈಟುಗಳೆಂದು ಹೆಸರು. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಶೇಂಗಾ ಮತ್ತು ಮೆಕ್ಕೆಜೋಳದ ಮೇಲೆ ಬೆಳೆದಾಗ ತಯಾರಿಸುವ ಇಂತಹ ವಸ್ತುವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ, ಅವುಗಳಿಗೆ ಹಾಕಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು.

ಇದರಲ್ಲಿ ಬಿ1, ಬಿ2, ಜಿ1, ಜಿ2 ಎಂಬ ನಾಲ್ಕು ಮುಖ್ಯ ಬಗೆಗಳಿವೆ. ಬಿ1 ಇರುವ ಹಿಂಡಿಯನ್ನು ಹಸು ತಿಂದರೆ, ಅದರ ಒಂದು ಪಾಲು ಹಸುವಿನ ಯಕೃತ್ತಿನಲ್ಲಿ ಎಂ1 ಎಂಬ ಬಗೆಯಾಗಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ.

ಮುಂದೆ ಸಂಸ್ಕರಿಸಲಿರುವ ಶೇಂಗಾದಂತಹ ಬೀಜಗಳಲ್ಲಿ ಕಿಲೋಗೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮವಿದೆ. ಅಂದರೆ ಸಾವಿರ ಟನ್ ಬೀಜದಲ್ಲಿ ಕೇವಲ 15 ಗ್ರಾಂ! ಹಾಲಿನಲ್ಲಿ ಎಂ1 ಮಿತಿ ಇನ್ನೂ ಕಡಿಮೆ, ಕಿಲೋಗೆ ಅರ್ಧ ಮೈಕ್ರೋಗ್ರಾಂ.

ಅಣುವನ್ನು ತೂಗುವ ಯಂತ್ರ

ಇಷ್ಟು ಅಲ್ಪ ಪ್ರಮಾಣವನ್ನು ಪತ್ತೆಹಚ್ಚಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣವನ್ನು ಬಳಸುತ್ತಾರೆ. ಇದನ್ನು ಅಣುಗಳ ತಕ್ಕಡಿ ಎನ್ನಬಹುದು. ಮಾದರಿಯಿಂದ ತೆಗೆದ ರಸದಲ್ಲಿರುವ ಅಣುಗಳಿಗೆ ಇದು ವಿದ್ಯುದಂಶ ಕೊಟ್ಟು, ಅವುಗಳ ತೂಕವನ್ನು ಅಳೆಯುತ್ತದೆ.

ಆದರೆ ತೂಕವೊಂದೇ ಸಾಲದು. ಜಿ1 ಮತ್ತು ಎಂ1 ಎರಡರಲ್ಲೂ 17 ಇಂಗಾಲ, 12 ಜಲಜನಕ, 7 ಆಮ್ಲಜನಕದ ಪರಮಾಣುಗಳಿವೆ. ಎರಡರ ತೂಕವೂ 328. ತಕ್ಕಡಿಗೆ ಇವೆರಡೂ ಒಂದೇ!

ಆದ್ದರಿಂದ ಯಂತ್ರದೊಳಗೆ ಅಣುವನ್ನು ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆದು, ಚೂರುಗಳನ್ನೂ ತೂಗುತ್ತಾರೆ. ಒಂದೇ ತೂಕದ ನೇಗಿಲು ಮತ್ತು ಕುಂಟೆಯನ್ನು ಮೂಟೆ ಕಟ್ಟಿ ತೂಗಿದರೆ ವ್ಯತ್ಯಾಸ ತಿಳಿಯದು. ಬಿಚ್ಚಿ ನೋಡಿದರೆ ಒಂದರಲ್ಲಿ ಗುಳ, ಮೇಳಿ ಸಿಗುತ್ತವೆ, ಇನ್ನೊಂದರಲ್ಲಿ ಕುಡ, ದಿಂಡು ಸಿಗುತ್ತವೆ. ಹಾಗೆಯೇ ಎಂ1 ಒಡೆದಾಗ 273 ಮತ್ತು 259 ತೂಕದ ಚೂರುಗಳು ಮುಖ್ಯವಾಗಿ ಕಾಣುತ್ತವೆ; ಜಿ1 ಒಡೆದಾಗ 243 ಮತ್ತು 200 ತೂಕದವು ಕಾಣುತ್ತವೆ.

ಚೂರುಗಳ ಭಂಡಾರ

ಯಾವ ವಸ್ತು ಒಡೆದರೆ ಯಾವ ಚೂರುಗಳು ಬರುತ್ತವೆ ಎಂಬುದನ್ನು ಒಬ್ಬರೇ ನೆನಪಿಡಲಾಗದು. ಅದಕ್ಕಾಗಿ ವಿಜ್ಞಾನಿಗಳು ಅಂತರಜಾಲದಲ್ಲಿ ಮಾಹಿತಿ ಭಂಡಾರಗಳನ್ನು ಕಟ್ಟಿದ್ದಾರೆ. ಜಪಾನಿನಲ್ಲಿ ಆರಂಭವಾದ ಮಾಸ್‌ಬ್ಯಾಂಕ್ ಎಲ್ಲರಿಗೂ ತೆರೆದಿದೆ. ಮನುಷ್ಯನ ದೇಹದ ಮೆಟಬೊಲೈಟುಗಳ ಭಂಡಾರವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 2007ರಲ್ಲಿ ಪ್ರಕಟಿಸಿದರು. ಅಮೆರಿಕೆಯ ಸ್ಯಾನ್ ಡಿಯೇಗೋದಲ್ಲಿ ನೆಲೆಸಿರುವ ಜಿ.ಎನ್.ಪಿ.ಎಸ್. ಎಂಬ ಭಂಡಾರಕ್ಕೆ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ತಮ್ಮ ಅಳತೆಗಳನ್ನು ಸೇರಿಸುತ್ತಾರೆ. ಅಪರಿಚಿತ ವಸ್ತುವಿನ ಚೂರುಗಳ ಪಟ್ಟಿ ಕೊಟ್ಟರೆ, ಹೋಲುವ ವಸ್ತುಗಳ ಹೆಸರನ್ನೂ ಹೋಲಿಕೆ ಎಷ್ಟೆಂಬುದನ್ನೂ ಕಂಪ್ಯೂಟರ್ ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಭಂಡಾರದಲ್ಲಿ ದಾಖಲಾಗದ ವಸ್ತುವಿನ ಹೆಸರು ಅಲ್ಲಿ ಸಿಗುವುದಿಲ್ಲ. ಅದನ್ನು ಹೋಲುವ ಬೇರೊಂದರ ಹೆಸರು ಬರಬಹುದು. ಆದ್ದರಿಂದ ಭಂಡಾರ ಕೊಡುವುದು ಸುಳಿವೇ ಹೊರತು ತೀರ್ಪಲ್ಲ. ಶುದ್ಧ ವಸ್ತುವನ್ನು ಅದೇ ಯಂತ್ರದಲ್ಲಿ ಹಾಯಿಸಿ, ಎರಡೂ ತಾಳೆಯಾದರೆ ಮಾತ್ರ ಹೆಸರು ಖಚಿತ. ಅಫ್ಲಾಟಾಕ್ಸಿನ್‌ನಂತಹ ಪರಿಚಿತ ವಿಷಗಳನ್ನು ಅಳೆಯುವಾಗ ಹೀಗೆ ಶುದ್ಧ ವಸ್ತುವಿನೊಡನೆ ಹೋಲಿಸಿಯೇ ಪ್ರಮಾಣ ಹೇಳಬೇಕು. ನಿಮ್ಮ ಮಾಲು ತಿರಸ್ಕೃತವಾದರೆ ಯಾವ ವಿಧಾನದಿಂದ ಪರೀಕ್ಷಿಸಿದರು, ಶುದ್ಧ ವಸ್ತುವಿನೊಡನೆ ತಾಳೆ ನೋಡಿದರೇ ಎಂದು ಕೇಳಿರಿ.

ನೀವು ಮಾಡಬೇಕಾದುದು

1. ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕೆಲವೇ ಬೀಜಗಳಲ್ಲಿ ತುಂಬಿರಬಹುದು. ಒಂದು ಹಿಡಿ ಬೀಜ ಕಳುಹಿಸಬೇಡಿ. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಚೆನ್ನಾಗಿ ಬೆರೆಸಿ ಮಾದರಿ ಮಾಡಿರಿ.

2. ಕಿತ್ತ ಕಾಯಿಯನ್ನು ಬೇಗನೆ ಒಣಗಿಸಿರಿ. ಬೀಜದ ತೇವಾಂಶ ಶೇಕಡಾ 8ಕ್ಕಿಂತ ಕಡಿಮೆ ಇರಲಿ. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸಬೇಡಿ.

3. ಒಡೆದ, ಮುರುಟಿದ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೆಗೆಯಿರಿ. ಅವನ್ನು ಗಾಣಕ್ಕಾಗಲಿ ದನಗಳಿಗಾಗಲಿ ಹಾಕಬೇಡಿ. ಗಾಣಕ್ಕೆ ಹೋದ ವಿಷ ಹಿಂಡಿಯಲ್ಲಿ ಉಳಿದು, ಹಸುವಿನ ಮೂಲಕ ನಿಮ್ಮ ಮನೆಯ ಮಕ್ಕಳ ಲೋಟಕ್ಕೇ ಮರಳಿ ಬರಬಹುದು.

ಯಂತ್ರ ವಿಷವನ್ನು ಗುರುತಿಸಬಲ್ಲದು, ತೆಗೆಯಲಾರದು. ಅದನ್ನು ತಡೆಯುವ ಕೆಲಸ ನಿಮ್ಮ ಕಣದಲ್ಲೇ ಆಗಬೇಕು.