ಹದಿನೆಂಟು ತಲೆ ಕೇಳಿದ ಪಂಡಿತ

ವಿಯೆಟ್ನಾಂನ ಕವಿ, ವಿದ್ವಾಂಸ ನುಯೆನ್ ಬಿನ್ ಖಿಯೆಮ್ (1491–1585) ರಾಜ್ಯದ ಅಧಿಕಾರಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದದ್ದು 1535ರಲ್ಲಿ, ನಲವತ್ತು ದಾಟಿದ ಮೇಲೆ! ಮಾಕ್ ಅರಸರ ಆಸ್ಥಾನದಲ್ಲಿ ಹುದ್ದೆಯೇನೋ ಸಿಕ್ಕಿತು. ಆದರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಹದಿನೆಂಟು ಮಂದಿ ಭ್ರಷ್ಟ ಅಧಿಕಾರಿಗಳ ತಲೆ ತೆಗೆಸಿ ಎಂದು ದೊರೆಗೇ ಮನವಿ ಸಲ್ಲಿಸಿದರು. ದೊರೆ ಕಿವಿಗೊಡಲಿಲ್ಲ, ಇವರು ಹುದ್ದೆ ಬಿಟ್ಟು ಊರಿಗೆ ನಡೆದರು. ಅಲ್ಲಿ 'ಬಿಳಿ ಮೋಡ'ವೆಂಬ ಕುಟೀರ ಕಟ್ಟಿಕೊಂಡು ಪಾಠ ಹೇಳಿದರು, ಕವಿತೆ ಬರೆದರು. ಭವಿಷ್ಯ ನುಡಿಯುವವರೆಂಬ ಖ್ಯಾತಿಯೂ ಅಂಟಿತು.

20ನೇ ಶತಮಾನದಲ್ಲಿ ಹುಟ್ಟಿದ ಕಾವೊ ದಾಯ್ ಪಂಥಕ್ಕೆ ಅವರು ಸಂತ. ತಾಯ್ ನಿನ್‌ನಲ್ಲಿರುವ ಆ ಪಂಥದ ದೇಗುಲದ ಭಿತ್ತಿಚಿತ್ರದಲ್ಲಿ ಅವರ ಜತೆಗಾರರು ಯಾರು ಗೊತ್ತೆ? ಚೀನಾದ ನಾಯಕ ಸನ್ ಯಾತ್ ಸೆನ್, ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೊ!