ಎರೆಯ ಬಯಲಿನ ಕೃಷ್ಣಮೃಗಗಳು

ಗಜೇಂದ್ರಗಡದ ಬೆಟ್ಟವನ್ನಿಳಿದು, ಪಡುವಲಿಗೆ ರೋಣದ ಮಾರ್ಗವಾಗಿ ನರಗುಂದದ ದಿಕ್ಕಿಗೆ ಸಾಗುವ ಪ್ರವಾಸಿಗೆ, ದೃಷ್ಟಿಗೆ ತಡೆಯೆಂಬುದೇ ಇಲ್ಲದ ಎರೆಯ ಬಯಲು ಎದುರಾಗುತ್ತದೆ. ಈ ಬಯಲಿಗೆ ಹೆಬ್ಬಾಗಿಲಿಲ್ಲ, ಪ್ರವೇಶಶುಲ್ಕವಿಲ್ಲ. ಆದರೂ ಇಲ್ಲಿಯ ಕಡಲೆಯ ಹೊಲಗಳಲ್ಲಿ ಮೇಯುವ ಕೃಷ್ಣಮೃಗಕ್ಕೆ, ಊರವರ ಚಿಗರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತನ್ನ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಪಂಕ್ತಿಯಲ್ಲಿಯೇ, ಸ್ಥಾನವನ್ನಿತ್ತಿದೆ. ಇದೇ ಮೃಗಕ್ಕಾಗಿ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವು ಸ್ಥಾಪಿತವಾಯಿತು. ರೋಣದ ಸೀಮೆಯಲ್ಲಾದರೋ ಕಾಯಿದೆಯು ಪ್ರಾಣಿಯನ್ನು ಕಾಯುವುದೇ ಹೊರತು ಅದು ಮೇಯುವ ನೆಲವನ್ನಲ್ಲ. ನೆಲವನ್ನೂ ಮೇವನ್ನೂ ಒದಗಿಸುವ ಭಾರವು ರೈತನ ಹೆಗಲಿಗೆ ಬಂದಿದೆ.

ಈ ಮೃಗವು ಇಲ್ಲಿಯೇ ಏಕೆ ನೆಲೆನಿಂತಿತೆಂಬುದಕ್ಕೆ ಕಾರಣವನ್ನು ಮಣ್ಣಿನಿಂದಲೇ ಹುಡುಕಬೇಕು. ಎರೆಮಣ್ಣಿನಲ್ಲಿರುವ ಸೂಕ್ಷ್ಮವಾದ ಜೇಡಿಯ ಪದರಗಳು ಮಳೆಯ ನೀರನ್ನು ತಮ್ಮ ನಡುವೆ ಸೆಳೆದುಕೊಂಡು ಉಬ್ಬುತ್ತವೆ. ಬೇಸಗೆಯಲ್ಲಿ ಆ ನೀರು ಆರಿದೊಡನೆ ಕುಗ್ಗಿ, ಅಂಗೈ ಇಳಿಯುವಷ್ಟು ಅಗಲವಾಗಿ ಬಾಯ್ಬಿಡುತ್ತವೆ. ವರ್ಷವರ್ಷವೂ ಉಬ್ಬಿ ಕುಗ್ಗುವ ಈ ನೆಲದಲ್ಲಿ ಎಳೆಯ ಗಿಡದ ಬೇರು ಹರಿಯುವುದರಿಂದಲೂ, ಮಳೆಯು ಅಲ್ಪವಾದುದರಿಂದಲೂ, ಮರಗಳು ವಿರಳವಾಗಿ, ಹುಲ್ಲಿಗೂ ಬೆಳೆಗೂ ಬಯಲು ತೆರೆದೇ ಉಳಿಯಿತು. ಮರೆಯಿಲ್ಲದ ಕಡೆ ಅಡಗುವ ಪ್ರಾಣಿ ಬಾಳಲಾರದು. ದೂರದಿಂದಲೇ ಶತ್ರುವನ್ನು ಕಂಡು ಓಡಬಲ್ಲ ಪ್ರಾಣಿಯೇ ಬಾಳಬೇಕು. ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಧಾವಿಸಬಲ್ಲ ಕೃಷ್ಣಮೃಗವನ್ನು ಇಂದಿನ ಅದರ ವೈರಿಯಾದ ತೋಳವು ಓಟದಲ್ಲಿ ಸುಲಭವಾಗಿ ಮೀರಲಾರದು; ಇಷ್ಟು ವೇಗವು, 1952ರಲ್ಲಿ ಭಾರತದಿಂದ ಅಳಿಯಿತೆಂದು ಘೋಷಿತವಾದ ಚೀತಾದ ಬೆನ್ನಟ್ಟುವಿಕೆಯಿಂದಲೇ ರೂಪುಗೊಂಡುದಾಗಿರಬೇಕೆಂಬುದು ವಿಜ್ಞಾನಿಗಳ ಊಹೆ. ಓಡುವ ಮುನ್ನ ಹಿಂಡಿನ ಹೆಣ್ಣುಗಳು ನೆಟ್ಟನೆ ಮೇಲಕ್ಕೆ ಜಿಗಿಯುವುದುಂಟು.

ಬೆಳಗಿನ ಹೊತ್ತು ದೂರದರ್ಶಕದಿಂದ ಒಂದು ಗಂಡನ್ನೇ ಗಮನಿಸುತ್ತ ಕುಳಿತರೆ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಮರಿಯಾಗಿದ್ದಾಗ ಹೆಣ್ಣಿನಂತೆ ಕಂದುಬಣ್ಣದ್ದಾಗಿದ್ದ ಅದರ ಬೆನ್ನು ವಯಸ್ಸು ತುಂಬಿದಂತೆ ಕಪ್ಪೇರಿದೆ. ತಿರುಚಿಕೊಂಡ ಕೊಂಬುಗಳು ಮೇಲೆದ್ದಿವೆ. ಅದು ತಾನು ಆರಿಸಿಕೊಂಡ ಕೆಲವೇ ತಾಣಗಳಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆಮಾಡುತ್ತದೆ. ಕಣ್ಣಿನ ಮುಂದಿರುವ ಗ್ರಂಥಿಯನ್ನು ಹುಲ್ಲಿನ ತುದಿಗೆ ಒತ್ತಿ ವಾಸನೆಯನ್ನು ಲೇಪಿಸುತ್ತದೆ. ಬೇಲಿಯಿಲ್ಲದ ಬಯಲಿನಲ್ಲಿ ಅದು ಹಾಕಿಕೊಂಡ ಎಲ್ಲೆಯೇ ಇದು. ಮತ್ತೊಂದು ಗಂಡು ಎಲ್ಲೆ ದಾಟಿದರೆ ಮೂಗೆತ್ತಿ, ಕೊಂಬನ್ನು ಬೆನ್ನಿಗೊರಗಿಸಿ, ಗತ್ತಿನಿಂದ ಹೆಜ್ಜೆಯಿಡುತ್ತದೆ. ಬಹಳ ಸಾರಿ ಹೋರಾಟವಿಲ್ಲದೆಯೇ ವ್ಯಾಜ್ಯವು ತೀರುವುದು. ಕೃಷ್ಣಸಾರವು ಸ್ವಭಾವತಃ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯು ಗುರುತಿಸಿರುವುದು ಈ ಮೃಗವು ನಮ್ಮವರ ಮನಸ್ಸಿನಲ್ಲಿ ಎಷ್ಟು ಹಿಂದೆಯೇ ಬೇರೂರಿತ್ತೆಂಬುದಕ್ಕೆ ಸಾಕ್ಷಿ.

ಹೊಲದ ಬದುವಿನ ಹುಲ್ಲಿನಲ್ಲಿ ಒಂಟಿಯಾಗಿ, ಮಿಸುಕದೆ ಮಲಗಿದ ಮರಿಯು ಕಂಡರೆ ಮುಟ್ಟಲಾಗದು. ಅದು ತಬ್ಬಲಿಯಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯು ಮರಿಯನ್ನು ಹೀಗೆ ಅಡಗಿಸಿ, ದೂರದಲ್ಲಿ ಮೇಯುತ್ತಿದ್ದು, ಹಾಲುಣಿಸಲು ಮಾತ್ರ ಬರುತ್ತದೆ. ಕರುಣೆಯಿಂದ ಅದನ್ನೆತ್ತಿ ಊರಿಗೆ ತಂದವರು ತಾಯಿಯಿಂದಲೇ ಅದನ್ನು ಅಗಲಿಸಿದಂತಾಗುತ್ತದೆ. ನಾಯಿಯನ್ನು ಜತೆಗೊಯ್ಯುವುದೂ, ಓಟವನ್ನು ನೋಡುವ ಆಸೆಯಿಂದ ಮೋಟರು ಬೈಕಿನಲ್ಲಿ ಹಿಂಡನ್ನಟ್ಟುವುದೂ ನನಗೆ ಸಹಿಸಲಾಗದ ಕ್ರೌರ್ಯಗಳು. ಗಬ್ಬದ ಹೆಣ್ಣುಗಳು ಅಂತಹ ಓಟದಿಂದ ಬಹಳ ಬಳಲುತ್ತವೆ.

ಆದರೆ ಮೃಗದ ಸೊಬಗನ್ನು ಹೊಗಳುವಾಗ ಬೆಳೆಯನ್ನು ಮರೆಯುವುದು ನ್ಯಾಯವಲ್ಲ. ಬೀಳುಭೂಮಿಯೂ ಗೋಮಾಳವೂ ಉಳುಮೆಗೆ ಬಂದಂತೆಲ್ಲ ಹಿಂಡುಗಳಿಗೆ ಹೊಲದ ಹೊರತು ಮೇವು ಉಳಿಯಲಿಲ್ಲ. ಮುಂಗಾರಿನಲ್ಲಿ ಹೆಸರಿನ ಎಳೆಯ ಸಸಿ, ಹಿಂಗಾರಿನಲ್ಲಿ ಕಡಲೆಯ ಕುಡಿ, ರಾತ್ರಿಯೊಂದರಲ್ಲಿಯೇ ಅವುಗಳ ಪಾಲಾಗುತ್ತವೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಅದು ಹಾನಿಯ ಪ್ರಮಾಣಕ್ಕೆ ಸರಿಯಾಗಿಯೂ ಬಿತ್ತನೆಯ ಹೊತ್ತಿಗೂ ರೈತನ ಕೈಸೇರಬೇಕು. ನೋಡಲು ಬಂದವನು ಬದುವಿನ ಮೇಲೆ ಮಾತ್ರ ನಡೆದು, ಹೊಲದೊಡೆಯನ ಅಪ್ಪಣೆಯನ್ನು ಮೊದಲು ಕೇಳಬೇಕು. ಹಿಂಡು ಯಾವ ಹೊಲದಿಂದ ಯಾವ ಹೊಲಕ್ಕೆ ದಾಟುವುದೆಂಬುದನ್ನು ಇರುಳೆಲ್ಲ ಕಾವಲಿದ್ದ ಅವನಷ್ಟು ನಿಖರವಾಗಿ ಬಲ್ಲವರು ಬೇರೆ ಇಲ್ಲ.